ಸೆಕೆಂಡ್ ಹಾಡುವ ರೋಸ್ಲಿನ್ ಆಂಟಿ

ಪರ್ತ್‌ನ ಮೋರ್ಲಿಯಲ್ಲಿ ನಮ್ಮ ರೋಸ್ಲಿನ್ ಆಂಟಿಯನ್ನು ಯಾರೂ ಗಾಯಕಿ ಎಂದು ಕರೆಯುವುದಿಲ್ಲ. ಅವರು ಕೆಲಸ ಮಾಡುವ ಶಾಪಿಂಗ್ ಸೆಂಟರಿನ ಬ್ರೆಡ್ ಅಂಗಡಿಗೆ ಬರುವವರಿಗೆ ಬರೀ ‘ರೋಸ್’. ಚರ್ಚಿನವರಿಗೆ ಕ್ಸೇವಿಯರನ ಹೆಂಡತಿ. ನನಗೆ ಮನೆಯೊಡತಿ, ಏಕೆಂದರೆ ನಂಜನಗೂಡಿನಿಂದ ನರ್ಸಿಂಗ್ ಓದಲು ಬಂದ ನಾನು ಅವರ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆದರೆ ಈಗ ನಾಲ್ಕು ಜನ ಕೂತಲ್ಲಿ ಜಪಾನಿನ ಆನಿಮೆ ಹಾಡುಗಳ ಮಾತು ಬಂದರೆ ಸಾಕು, ನಾನು ಗಂಟಲು ಸರಿಮಾಡಿಕೊಂಡು ಕೂತುಬಿಡುತ್ತೇನೆ. “ಅಡಿಲೇಡ್‌ನ ಆ ಆಂಟಿ ಗೊತ್ತಲ್ಲ? ನಾನು ಅವರ ಮನೇಲೇ ಇದ್ದದ್ದು” ಎಂದು ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಜಂಬ ಎಂದುಕೊಳ್ಳಿ. ಜಂಬವೇ.

ಆಂಟಿ ಉಡುಪಿ ಹತ್ತಿರದ ಶಿರ್ವದ ಕಡೆಯವರು. ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಹಾಡು ಎಂದರೆ ಒಬ್ಬರ ಕೆಲಸವಲ್ಲ ಎನ್ನುವುದು ನನಗೆ ಗೊತ್ತಾದದ್ದೇ ಅವರಿಂದ. ಒಬ್ಬರು ಹಾಡಿನ ಧಾಟಿ ಹಿಡಿಯುತ್ತಾರೆ, ಅದು ಫಸ್ಟ್. ಇನ್ನೊಬ್ಬರು ಅದಕ್ಕಿಂತ ಸ್ವಲ್ಪ ಕೆಳಗೆ, ಬೇರೆ ಸ್ವರಗಳಲ್ಲಿ, ಆದರೆ ಅದರ ಪಕ್ಕದಲ್ಲೇ ನಡೆಯುತ್ತಾರೆ. ಅದು ಸೆಕೆಂಡ್. ಹುಡುಗಿಯಾಗಿದ್ದಾಗ ಊರಿನ ಚರ್ಚಿನಲ್ಲಿ, ಮದುವೆಯಾದ ಮೇಲೆ ಕುವೈತಿನಲ್ಲಿ ರಜೆಯ ದಿನವಾದ ಶುಕ್ರವಾರದ ಚರ್ಚಿನ ಪೂಜೆಗಳಲ್ಲಿ, ಆಮೇಲೆ ಪರ್ತ್‌ನಲ್ಲಿ, ಆಂಟಿ ಹಾಡಿದ್ದು ಬರೀ ಸೆಕೆಂಡ್. ಫಸ್ಟ್ ಹಾಡಿ ಎಂದರೆ ಅವರಿಗೆ ಬರುವುದೇ ಇಲ್ಲ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಜಾರಿಕೊಂಡು ಕೆಳಗಿಳಿದಿರುತ್ತಾರೆ. ಆಸ್ಟ್ರೇಲಿಯಾದ ಪೌರತ್ವ ಕೊಟ್ಟ ದಿನ ರಾಷ್ಟ್ರಗೀತೆಗೂ ಸೆಕೆಂಡ್ ಹಾಡಿ ಮೇಯರ್ ತಿರುಗಿ ನೋಡುವಂತೆ ಮಾಡಿದ್ದರಂತೆ.

“ಇವಳು ಮಿಕ್ಸಿಗೂ ಸೆಕೆಂಡ್ ಹಾಡ್ತಾಳೆ, ಬೇಕಾದ್ರೆ ಕೇಳು” ಎನ್ನುತ್ತಿದ್ದರು ಕ್ಸೇವಿಯರ್ ಅಂಕಲ್. ಅವರು ಗಣಿಯೊಂದರಲ್ಲಿ ಎಲೆಕ್ಟ್ರಿಶಿಯನ್, ತಿಂಗಳಲ್ಲಿ ಅರ್ಧ ಮನೆಯಲ್ಲಿ, ಅರ್ಧ ಮರುಭೂಮಿಯಲ್ಲಿ. ಅವರ ಮಾತು ಚೇಷ್ಟೆಯೆಂದು ನಾನು ನಕ್ಕಿದ್ದೆ. ಒಂದು ಬೆಳಿಗ್ಗೆ ಚಟ್ನಿ ರುಬ್ಬುವಾಗ ಕಿವಿಗೊಟ್ಟು ಕೇಳಿದೆ. ನಿಜ.

ಇಂಥ ಹೆಂಗಸಿಗೆ, ನಾನು ಪರ್ತ್‌ಗೆ ಹೋದ ವರ್ಷ, ಹಾಡಲು ಜಾಗವೇ ಇಲ್ಲದಂತಾಯಿತು. ಚರ್ಚಿನ ಹಾಡಿನ ತಂಡಕ್ಕೆ ಜೋಯ್ಸನ್ ಎಂಬ ಹುಡುಗ ಮುಖ್ಯಸ್ಥನಾದ. ಒಳ್ಳೆಯ ಹುಡುಗನೇ, ಗಿಟಾರ್ ಚೆನ್ನಾಗಿ ನುಡಿಸುತ್ತಾನೆ, ಆದರೆ ಲ್ಯಾಪ್‌ಟಾಪಿನಿಂದ ಸಂಗೀತ ಹಾಕಿ ಎಲ್ಲರೂ ಒಂದೇ ಧಾಟಿ ಹಾಡಬೇಕು ಎಂದ. “ಆಂಟಿ, ನಿಮ್ಮ ಸೆಕೆಂಡ್ ಕೇಳಿ ಹೊಸಬರಿಗೆ ಕನ್‌ಫ್ಯೂಸ್ ಆಗ್ತಿದೆ. ಸ್ವಲ್ಪ ಮೆಲೋಡಿ ಹಾಡಿ, ಇಲ್ಲಾಂದ್ರೆ ಮೆಲ್ಲಗೆ ಹಾಡಿ” ಅಂದನಂತೆ.

“ಮೆಲ್ಲಗೆ ಹಾಡ್ಲಿಕ್ಕೆ ನಾನೆಂತ ಕಳ್ಳಿಯಾ?” ಎಂದು ಕೇಳಿ ಬಂದ ಆಂಟಿ ಮತ್ತೆ ತಂಡದಲ್ಲಿ ನಿಲ್ಲಲಿಲ್ಲ. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಮುಚ್ಚಿಕೊಂಡು ಬರುತ್ತಿದ್ದರು. ನನ್ನ ಮುಂದೆ ಒಂದು ದಿನ ಹೇಳಿದರು: “ಫಸ್ಟ್ ಹಾಡುವವರು ಸಾವಿರ ಜನ ಸಿಕ್ತಾರೆ ಮಾರಾಯ್ತಿ. ನನ್ನ ಸ್ವರ ಒಬ್ಬರ ಪಕ್ಕದಲ್ಲಿ ಇದ್ರೆ ಮಾತ್ರ ಚಂದ. ಪಕ್ಕದಲ್ಲಿ ನಿಲ್ಬೇಡ ಅಂದ್ರೆ ನಾನು ಎಲ್ಲಿಗೆ ಹೋಗ್ಲಿ?” ಅವರ ಕಣ್ಣು ತುಂಬಿತ್ತು. ನನಗೆ ಜೋಯ್ಸನ್‌ನ ಗಿಟಾರ್ ಮುರಿದು ಒಲೆಗೆ ಹಾಕುವಷ್ಟು ಸಿಟ್ಟು ಬಂದಿತ್ತು.

ಆಮೇಲೆ ಉಳಿದದ್ದು ಮನೆ. ಮನೆಯಲ್ಲಿ ಅವರಿಗೆ ಫಸ್ಟ್ ಒದಗಿಸುತ್ತಿದ್ದುದು ಮಗಳು ಸ್ಟೆಫಿಯ ಕೋಣೆ. ಸ್ಟೆಫಿ ವಿಶ್ವವಿದ್ಯಾಲಯದಲ್ಲಿ ಜಪಾನೀ ಭಾಷೆ ಓದುತ್ತಿದ್ದಳು. ಅವಳಿಗೆ ಆನಿಮೆ ಎಂದರೆ, ಅಂದರೆ ಜಪಾನಿನ ಆ ಕಾರ್ಟೂನ್ ಧಾರಾವಾಹಿಗಳೆಂದರೆ, ಊಟ ನಿದ್ದೆ ಬೇಡ. ಅವುಗಳ ಶುರುವಿನಲ್ಲಿ ಬರುವ ಹಾಡುಗಳನ್ನು ಹಾಡುವ ‘ಯೂನಾಗಿ’ ಎಂಬ ತಂಡ ಎಂದರೆ ಪ್ರಾಣ. ಅಮ್ಮ ಕೊಂಕಣಿಯಲ್ಲಿ ಕೇಳಿದರೆ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುವ ಮನೆ ಅದು. ಆ ಕೋಣೆಯ ಗೋಡೆಯಾಚೆ ಅಡುಗೆಮನೆ. ಒಳಗೆ ಯೂನಾಗಿ ಹಾಡಿದರೆ ಹೊರಗೆ ಮೀನಿನ ಸಾರು ಕುದಿಸುತ್ತ ಆಂಟಿ ಸೆಕೆಂಡ್ ಹಾಡುತ್ತಿದ್ದರು, ಮಾತು ಗೊತ್ತಿಲ್ಲದ್ದಕ್ಕೆ ಬರೀ ಆ, ಊ ಎಂದು.

“ಮಮ್! ಪ್ಲೀಸ್! ಸ್ಟಾಪ್ ಇಟ್!” ಎಂದು ಸ್ಟೆಫಿ ಗೋಡೆ ಗುದ್ದುತ್ತಿದ್ದಳು. ಆಂಟಿ ಒಂದು ಗಳಿಗೆ ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದರು.

ಈ ಯೂನಾಗಿಯ ಬಗ್ಗೆ ಹೇಳಲೇಬೇಕು. ನಾಲ್ಕು ಹೆಂಗಸರು. ಜಪಾನಿನ ಒಂದು ಸಣ್ಣ ಬಂದರಿನ ಊರಿನ ಶಾಲೆಯಲ್ಲಿ ಒಟ್ಟಿಗೆ ಹಾಡುತ್ತಿದ್ದವರು. ಸಂಜೆ ಹೊತ್ತು ಸಮುದ್ರದ ಗಾಳಿ ಗಕ್ಕನೆ ನಿಂತು ನೀರು ಸುಮ್ಮನಾಗುತ್ತದಲ್ಲ, ಅದಕ್ಕೆ ಅವರ ಭಾಷೆಯಲ್ಲಿ ಯೂನಾಗಿ ಎನ್ನುತ್ತಾರಂತೆ. ಅನೇಕ ವರ್ಷ ಅವರ ಹಾಡು ಎಲ್ಲರಿಗೂ ಗೊತ್ತಿತ್ತು, ಮುಖ ಯಾರಿಗೂ ಗೊತ್ತಿರಲಿಲ್ಲ. ಹಾಡು ಬರುವಾಗ ತೆರೆಯ ಮೇಲೆ ಓಡುತ್ತಿದ್ದುದು ಚಿತ್ರದ ಹುಡುಗ ಹುಡುಗಿಯರು, ಇವರಲ್ಲವಲ್ಲ. ನಂತರ ಒಂದು ಧಾರಾವಾಹಿ ದೇಶ ದೇಶಗಳಲ್ಲಿ ಓಡಿತು. ಇವರೂ ಬೆಳಕಿಗೆ ಬಂದರು. ಅದೇ ಹೊತ್ತಿಗೆ ತಂಡದ ಕೆಳಸ್ವರದ ಹಾಡುಗಾರ್ತಿ ಫುಮಿಯೆಗೆ ಗಂಟಲಿನ ಆಪರೇಷನ್ ಆಗಿ ಹಾಡುವುದು ನಿಂತುಹೋಯಿತು. ಉಳಿದ ಮೂವರು ಅವಳ ಜಾಗಕ್ಕೆ ಬೇರೆಯವರನ್ನು ತರಲಿಲ್ಲ. ಅವರ ಅತಿ ಪ್ರಸಿದ್ಧ ಹಾಡಿನ ನಡುವೆ ಫುಮಿಯೆ ಒಬ್ಬಳೇ ಹಾಡುವ ಒಂದು ಸಾಲಿತ್ತು. ಆ ಸಾಲು ಬಂದಾಗ ಈಗ ವಾದ್ಯಗಳೂ ನಿಲ್ಲುತ್ತವೆ, ಮೂವರೂ ತಲೆ ತಗ್ಗಿಸುತ್ತಾರೆ, ಅಭಿಮಾನಿಗಳು ಕೈಯಲ್ಲಿ ಹಿಡಿದ ಬಣ್ಣದ ದೀಪದ ಕಡ್ಡಿಗಳನ್ನು ಆರಿಸುತ್ತಾರೆ. ಸಾವಿರಾರು ಜನರ ಹಾಲ್‌ನಲ್ಲಿ ಆ ಸಾಲಿನಷ್ಟು ಹೊತ್ತು ಯಾರೂ ಉಸಿರೆತ್ತುವುದಿಲ್ಲ. ಆ ಮೌನ ಅಭಿಮಾನಿಗಳಿಗೆ ದೇವರ ಸಮಾನ. ಆಂಟಿ ಅಡುಗೆಮನೆಯಲ್ಲಿ ಕೇಳುತ್ತಿದ್ದುದು ಹಳೆಯ ರೆಕಾರ್ಡು, ಫುಮಿಯೆ ಹಾಡಿದ್ದ ಕಾಲದ್ದು. ಮೌನದ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ.

ಯೂನಾಗಿ ಆಸ್ಟ್ರೇಲಿಯಾಕ್ಕೆ ಬರುತ್ತದೆ ಎಂಬ ಸುದ್ದಿ ಬಂದ ದಿನ ಸ್ಟೆಫಿ ಮಂಚದ ಮೇಲೆ ಕುಣಿದು ಹಲಗೆ ಮುರಿದಳು. ಮೊದಲು ಪರ್ತ್, ಮುಂದಿನ ವಾರ ಬ್ರಿಸ್ಬೇನ್, ಅದರ ಮುಂದಿನ ವಾರ ಅಡಿಲೇಡ್. ದೇಶದ ಈ ತುದಿಯಿಂದ ಆ ತುದಿಗೆ ಹೋಗಿ ಮತ್ತೆ ನಡುವಿಗೆ ಬರುವ ಈ ಯೋಜನೆಯನ್ನು ಮಾಡಿದವರು ಭೂಪಟ ನೋಡಿರಲಿಲ್ಲವೆಂದು ಕಾಣುತ್ತದೆ. ಸ್ಟೆಫಿ ಮತ್ತು ನಾನು ಪರ್ತ್‌ಗೂ ಬ್ರಿಸ್ಬೇನ್‌ಗೂ ಟಿಕೆಟ್ ಮಾಡಿದೆವು. ಬ್ರಿಸ್ಬೇನ್‌ನಲ್ಲಿ ಆಂಟಿಯ ತಮ್ಮ ಮರ್ವಿನ್ ಅಂಕಲ್ ಮನೆಯಿತ್ತು. ಪರ್ತ್‌ನ ದಿನ ನಮ್ಮನ್ನು ಕಾರಿನಲ್ಲಿ ಬಿಡಲು ಬಂದ ಆಂಟಿ, ಬಾಗಿಲ ಬಳಿ ಯಾರೋ ಉಳಿದ ಟಿಕೆಟ್ ಮಾರುತ್ತಿದ್ದದ್ದನ್ನು ಕಂಡು ಒಂದು ಕೊಂಡುಬಿಟ್ಟರು.

“ಕಾರಿನಲ್ಲಿ ಕೂತು ಎಂತ ಮಾಡ್ಲಿ? ಇಷ್ಟು ಸಮಯ ಕೇಳಿದ್ದೇನೆ, ಮುಖ ನೋಡಿ ಬರ್ತೇನೆ” ಎಂದರು. ಅವರ ಸೀಟು ನಮಗಿಂತ ತುಂಬ ಮುಂದೆ ಸಿಕ್ಕಿತು. ಸ್ಟೆಫಿಯ ಹೊಟ್ಟೆಯಲ್ಲಿ ಆಗಲೇ ಸ್ವಲ್ಪ ಬೆಂಕಿ ಬಿದ್ದಿತ್ತು.

ಆ ಹಾಡು ಬಂತು. ಆಂಟಿಗೆ ಹಾಡುವಾಗ ಮಾತ್ರವಲ್ಲ, ಕೇಳುವಾಗಲೂ ಕಣ್ಣು ಮುಚ್ಚುವ ಅಭ್ಯಾಸ. ದೀಪಗಳು ಆರಿದ್ದನ್ನು ಅವರು ನೋಡಲಿಲ್ಲ. ವಾದ್ಯ ನಿಂತಿತು. ಫುಮಿಯೆಯ ಸಾಲು ಬರಬೇಕು, ಬರಲಿಲ್ಲ. ಕತ್ತಲೆ, ಮೌನ. ಆಗ ಮುಂದಿನ ಸಾಲುಗಳಿಂದ ಒಂದು ತುಂಬು ಸ್ವರ ಎದ್ದಿತು. ಆ, ಊ ಎಂದು, ಅಡುಗೆಮನೆಯಲ್ಲಿ ಹಾಡುತ್ತಿದ್ದ ಹಾಗೆಯೇ, ಆದರೆ ಚರ್ಚಿನ ಸೂರಿಗೆ ಮುಟ್ಟುವಷ್ಟು ಗಟ್ಟಿಯಾಗಿ.

ಸಾಲು ಮುಗಿಯುವವರೆಗೂ ಆ ಸ್ವರ ನಿಲ್ಲಲಿಲ್ಲ. ವೇದಿಕೆಯ ಮೇಲೆ ನಡುವೆ ನಿಂತ ಹಾರುಯೆ ಎಂಬುವಳು ತಲೆಯೆತ್ತಿ ನೋಡಿದಳು, ಮುಂದಿನ ಸಾಲು ಎತ್ತಿಕೊಳ್ಳಲು ಮರೆತಳು. ಹಿಂದಿನಿಂದ ಯಾರೋ “ಶಟ್ ಅಪ್!” ಎಂದು ಕೂಗಿದರು. ಒಬ್ಬಳು ಹುಡುಗಿ ಅಳತೊಡಗಿದಳು. ಆಂಟಿ ಕಣ್ಣು ಬಿಟ್ಟಾಗ ಅವರ ಸುತ್ತಲಿನವರೆಲ್ಲ ಅವರನ್ನೇ ತಿನ್ನುವಂತೆ ನೋಡುತ್ತಿದ್ದರು.

ಕಾರ್ಯಕ್ರಮ ಮುಗಿದು ಜನ ಹೊರಗೆ ಬರುವಾಗ ಆಂಟಿ ನಮ್ಮ ಕಡೆ ಬರುತ್ತಿದ್ದರು, ಮುಖ ಬಾಡಿತ್ತು. ಅಷ್ಟರಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಗಂಡಸು ಓಡಿ ಬಂದು, ಎದುರಿಗೆ ಸಿಕ್ಕ ಸ್ಟೆಫಿಯನ್ನು ಇಂಗ್ಲಿಷಿನಲ್ಲಿ ಕೇಳಿದ: ಕತ್ತಲೆಯಲ್ಲಿ ಹಾಡಿದ ಆ ಹೆಂಗಸು ಯಾರು, ನಿಮಗೆ ಗೊತ್ತಾ?

“ನೋ,” ಎಂದಳು ಸ್ಟೆಫಿ. “ಐ ಡೋಂಟ್ ನೋ ಹರ್.”

ಆ ಗಂಡಸು ಹೋದ. ಆಂಟಿ ಅಷ್ಟು ದೂರದಲ್ಲೇನೂ ಇರಲಿಲ್ಲ. ದಾರಿಯಲ್ಲಿ ಸರ್ವೋದಲ್ಲಿ, ಅಂದರೆ ಅಲ್ಲಿನ ಪೆಟ್ರೋಲ್ ಬಂಕಿನಲ್ಲಿ, ಪೆಟ್ರೋಲ್ ಹಾಕಿಕೊಂಡು ಬಂದು ಕೂತ ಆಂಟಿ ನನ್ನ ಕಡೆ ತಿರುಗಿ, “ಪೇತ್ರನಿಗೆ ಮೂರು ಸಲ ಬೇಕಾಯ್ತು. ಇವಳಿಗೆ ಒಂದೇ ಸಲ ಸಾಕಾಯ್ತು ನೋಡು” ಎಂದರು, ಕನ್ನಡದಲ್ಲಿ. ಸ್ಟೆಫಿಗೆ ಕನ್ನಡ ಅರ್ಥವಾಗುತ್ತದೆ. ಪೇತ್ರನ ಮಾತು ಮಾತ್ರ ನನಗೆ ತಿಳಿಯಲಿಲ್ಲ. ಮರುದಿನ ಕ್ಸೇವಿಯರ್ ಅಂಕಲನ್ನು ಕೇಳಿದೆ. ಯೇಸುವಿನ ಶಿಷ್ಯ ಪೇತ್ರ, ಕೋಳಿ ಕೂಗುವುದರೊಳಗೆ ಮೂರು ಸಲ ‘ಆತ ಯಾರೋ ನನಗೆ ಗೊತ್ತಿಲ್ಲ’ ಎಂದನಂತೆ.

ಕತ್ತಲೆಯಲ್ಲಿ ಯಾರೋ ತೆಗೆದ ವಿಡಿಯೋ ಒಂದೇ ದಿನದಲ್ಲಿ ಎಲ್ಲ ಕಡೆ ಹರಡಿತು. ಮುಖ ಕಾಣುತ್ತಿರಲಿಲ್ಲ, ಸ್ವರ ಮಾತ್ರ. ಅದರ ಕೆಳಗೆ ಜನ ಬರೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಸಾರಾಂಶ ಇಷ್ಟೇ: ಫುಮಿಯೆಯ ಸಾಲನ್ನು ಯಾರೋ ಮುದುಕಿ ಕದ್ದಳು. ಮುದುಕಿಯಂತೆ! ಆಂಟಿಗೆ ತಲೆಯಲ್ಲಿ ನಾಲ್ಕು ಬಿಳಿ ಕೂದಲೂ ಇಲ್ಲ. ಜೋಯ್ಸನ್‌ಗೆ ಸ್ವರದ ಗುರುತು ಸಿಕ್ಕಿ, “ಆಂಟಿ, ನೀವು ವೈರಲ್ ಆಗ್ಬಿಟ್ರಿ!” ಎಂದು ಫೋನ್ ಮಾಡಿದ. ಅವರು ಫೋನ್ ಇಟ್ಟುಬಿಟ್ಟರು.

ಫುಮಿಯೆಯ ಕಥೆಯನ್ನು ಆಂಟಿಗೆ ಹೇಳಿದವಳು ನಾನು. ಈರುಳ್ಳಿ ಹೆಚ್ಚುತ್ತಿದ್ದವರು ಚೂರಿ ಕೆಳಗಿಟ್ಟರು.

“ಅಯ್ಯೋ ದೇವರೇ. ಆ ಹುಡುಗಿ ಸಾಲು ಮರೆತಳು ಅಂತ ತಿಳ್ಕೊಂಡೆ ನಾನು. ಕ್ವಾಯರಿನಲ್ಲಿ ಫಸ್ಟ್ ತಪ್ಪಿದ್ರೆ ಸೆಕೆಂಡ್ ನಿಲ್ಬಾರ್ದು. ನಿಂತ್ರೆ ಜನರಿಗೆ ಗೊತ್ತಾಗ್ತದೆ, ಅವಳಿಗೆ ಅವಮಾನ ಆಗ್ತದೆ. ಅದಕ್ಕೆ ಜೋರಾಗಿ ಹಾಡಿದ್ದು. ಅವಳ ಮಾನ ಉಳಿಸ್ಲಿಕ್ಕೆ!”

ಶಿರ್ವದಿಂದ ಕುವೈತಿನವರೆಗೆ ಎಲ್ಲ ಚರ್ಚುಗಳಲ್ಲಿ ಪುಣ್ಯದ ಕೆಲಸವಾಗಿದ್ದದ್ದು ಪರ್ತ್‌ನ ಆ ಹಾಲ್‌ನಲ್ಲಿ ಪಾಪವಾಗಿತ್ತು. ನಾನು ನಗುವುದೋ ಅಳುವುದೋ ತಿಳಿಯದೆ ನಿಂತೆ. ಆಂಟಿ ನಗಲಿಲ್ಲ. “ಕೇಳದೆ ಒಬ್ಬರ ಮನೆಗೆ ನುಗ್ಗಿದ ಹಾಗಾಯ್ತು. ಹೋಗಿ ತಪ್ಪಾಯ್ತು ಅಂತ ಹೇಳ್ಬೇಕು” ಎಂದರು.

ಸ್ಟೆಫಿ ಆ ವಾರವಿಡೀ ಅಮ್ಮನ ಜೊತೆ ಮಾತಾಡಲಿಲ್ಲ. ನಾನು ಹೇಳಿ ನೋಡಿದೆ. ಅವಳ ಗೆಳತಿಯರೆಲ್ಲ ಆ ವಿಡಿಯೋ ಕಳಿಸಿ ನಗುತ್ತಿದ್ದರಂತೆ. ಅವಳೂ ನಗುವಂತೆ ನಟಿಸಬೇಕಾಗಿತ್ತಂತೆ. “ಅವರು ಯಾವಾಗ್ಲೂ ಹೀಗೇ, ಕರೆಯದಲ್ಲಿಗೆ ಹೋಗಿ ಹಾಡ್ತಾರೆ” ಎಂದು ಇಂಗ್ಲಿಷಿನಲ್ಲಿ ಅತ್ತಳು. ನನಗೆ ಅವಳ ಮೇಲೂ ಸಿಟ್ಟು, ಅವಳನ್ನು ಕಂಡರೆ ಅಯ್ಯೋ ಎಂದೂ ಅನಿಸುತ್ತಿತ್ತು. ಇಪ್ಪತ್ತರ ಹರೆಯದಲ್ಲಿ ಅವಮಾನಕ್ಕಿಂತ ದೊಡ್ಡ ರೋಗ ಇಲ್ಲ.

ನಾವಿಬ್ಬರು ಬ್ರಿಸ್ಬೇನ್‌ಗೆ ಹೋದೆವು. ಮರ್ವಿನ್ ಅಂಕಲ್ ಮನೆ ಫಾರೆಸ್ಟ್ ಲೇಕ್‌ನಲ್ಲಿ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದರೆ ಅಲ್ಲಿ ರೋಸ್ಲಿನ್ ಆಂಟಿ ಚಹಾ ಸೋಸುತ್ತಿದ್ದರು. ನಮ್ಮ ನಂತರದ ವಿಮಾನ ಹಿಡಿದು ಬಂದಿದ್ದರು. ಮೇಜಿನ ಮೇಲೆ ಅವರೇ ಕರಿದ ಚಕ್ಕುಲಿಯ ಡಬ್ಬ.

“ಬರಿಗೈಯಲ್ಲಿ ಹೇಗೆ ಕ್ಷಮೆ ಕೇಳೋದು?” ಎಂದರು ನನಗೆ. ಸ್ಟೆಫಿ ಚಹಾ ಕುಡಿಯದೆ ಹೊರಗೆ ಹೋದಳು.

ಕಾರ್ಯಕ್ರಮಕ್ಕೆ ಮುಂಚೆ ಆ ಮಧ್ಯಾಹ್ನ ಯೂನಾಗಿಯ ಮೂವರೂ ಕೂತು ಅಭಿಮಾನಿಗಳಿಗೆ ಸಹಿ ಹಾಕಿಕೊಡುತ್ತಿದ್ದರು. ಸಾಲು ಉದ್ದವಿತ್ತು. ಆನಿಮೆ ಪಾತ್ರಗಳಂತೆ ಬಣ್ಣಬಣ್ಣದ ಕೂದಲು, ಕತ್ತಿ, ಬಾಲ, ರೆಕ್ಕೆ ಕಟ್ಟಿಕೊಂಡ ಹುಡುಗ ಹುಡುಗಿಯರ ನಡುವೆ ಆಂಟಿ ಭಾನುವಾರದ ಪೂಜೆಗೆ ಹೋಗುವ ಸೀರೆಯುಟ್ಟು ಡಬ್ಬ ಹಿಡಿದು ನಿಂತಿದ್ದರು. ಒಬ್ಬ ಹುಡುಗ ಅವರನ್ನು ನೋಡಿ, ಇದು ಯಾವ ಆನಿಮೆಯ ವೇಷ ಎಂದು ಕೇಳಿದ. “ಶಿರ್ವದ್ದು” ಎಂದರು ಆಂಟಿ. ನಾವು ಸ್ವಲ್ಪ ಹಿಂದೆ ಇದ್ದೆವು. ಸ್ಟೆಫಿ ಮುಖ ಆಚೆ ತಿರುಗಿಸಿಕೊಂಡಿದ್ದಳು.

ಆಂಟಿಯ ಸರದಿ ಬಂತು. ಎದುರಿಗೆ ಹಾರುಯೆ. ಅನುವಾದಕಿ ಮೇಜಿನ ಇನ್ನೊಂದು ತುದಿಯಲ್ಲಿದ್ದಳು. ಆಂಟಿ ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದರು, ಹಾರುಯೆಗೆ ಅರ್ಥವಾಗದೆ ಮುಗುಳ್ನಕ್ಕಳು. ಆಂಟಿ ಮತ್ತೆ ಹೇಳಿದರು. ಕಾವಲಿನ ಹುಡುಗ ಮುಂದೆ ಹೋಗಿ ಎಂದು ಅವರ ಮೊಣಕೈ ಹಿಡಿದ. ಆಂಟಿ ಡಬ್ಬವನ್ನು ಎದೆಗೊತ್ತಿಕೊಂಡು ಅಲ್ಲೇ ನಿಂತರು, ಎಲ್ಲಿಗೆ ಹೋಗಬೇಕೆಂದು ತೋಚದವರ ಹಾಗೆ. ಅದನ್ನು ನೋಡಲು ನನ್ನಿಂದಾಗಲಿಲ್ಲ. ಪಕ್ಕಕ್ಕೆ ತಿರುಗಿದರೆ ಸ್ಟೆಫಿ ಇರಲಿಲ್ಲ. ಅವಳು ಆಗಲೇ ಸಾಲು ಮುರಿದು ಮುಂದೆ ಹೋಗಿ ಅಮ್ಮನ ಪಕ್ಕದಲ್ಲಿ ನಿಂತಿದ್ದಳು. ಆ ಹುಡುಗನ ಕೈ ತೆಗೆಸಿ, ಅಮ್ಮನಿಗೆ “ಟೆಲ್ ಮಿ” ಎಂದಳು. ಅಷ್ಟೇ. ಮುಖ ಇನ್ನೂ ಬಿಗಿದುಕೊಂಡೇ ಇತ್ತು.

ಆಂಟಿ ಕೊಂಕಣಿಯಲ್ಲಿ ಹೇಳಿದರು, ಸ್ಟೆಫಿ ಜಪಾನೀ ಭಾಷೆಯಲ್ಲಿ ಹೇಳಿದಳು: ಪರ್ತ್‌ನಲ್ಲಿ ಹಾಡಿದವಳು ನಾನು. ಆ ಸಾಲು ಹಾಡಬೇಕಾದವಳು ಮರೆತಳು ಎಂದುಕೊಂಡೆ. ಅವಳ ಸಾಲು ಅವಳದ್ದೇ, ನಾನು ಅದನ್ನು ಮುಟ್ಟಲಿಲ್ಲ, ಪಕ್ಕದಲ್ಲಿ ನಿಂತು ಸೆಕೆಂಡ್ ಹಾಡಿದೆ. ಆದರೂ ಕೇಳದೆ ಹಾಡಿದ್ದು ತಪ್ಪು.

ಹಾರುಯೆಯ ಕೈಯಿಂದ ಪೆನ್ನು ಬಿತ್ತು. ಎದ್ದು ನಿಂತು ಉಳಿದಿಬ್ಬರನ್ನು ಕೂಗಿ ಕರೆದಳು. ನಾನು ಗಲಾಟೆಯಾಯಿತು ಎಂದುಕೊಂಡೆ. ಅವಳು ತನ್ನ ಫೋನ್ ತೆಗೆದು ಅದರಲ್ಲಿ ರೆಕಾರ್ಡಾಗಿದ್ದ ಒಂದು ಸಂದೇಶವನ್ನು ಕೇಳಿಸಿದಳು. ಒರಟು ದನಿ, ಗಂಟಲಲ್ಲಿ ಮರಳು ತುಂಬಿದಂತೆ. ಸ್ಟೆಫಿ ಕೇಳುತ್ತ ಕೇಳುತ್ತ ಬಿಳಿಚಿಕೊಂಡಳು.

“ಫುಮಿಯೆ,” ಎಂದಳು ನಮ್ಮ ಕಡೆ ತಿರುಗಿ. ಆಮೇಲೆ ಮೆಲ್ಲಗೆ ಅರ್ಥ ಹೇಳಿದಳು.

ಫುಮಿಯೆ ಹೇಳಿದ್ದು ಇದು: ‘ಎಲ್ಲರೂ ಆ ಹೆಂಗಸು ನನ್ನ ಸಾಲು ಕದ್ದಳು ಎನ್ನುತ್ತಿದ್ದಾರೆ. ಅವಳು ನನ್ನ ಸಾಲು ಹಾಡಲೇ ಇಲ್ಲ. ಅದರ ಪಕ್ಕದ್ದನ್ನು ಹಾಡಿದಳು. ಕೇಳುತ್ತಿದ್ದರೆ ನಡುವೆ ಖಾಲಿ ಬಿಟ್ಟ ಜಾಗದಲ್ಲಿ ನನ್ನ ಸಾಲು ನನಗೇ ಕೇಳಿಸಿತು. ನೀವು ಪ್ರೀತಿಯಿಂದಲೇ ದೀಪ ಆರಿಸುತ್ತೀರಿ. ಆದರೆ ಪ್ರತಿ ಊರಿನಲ್ಲೂ ನನಗೆ ಒಂದೊಂದು ಶವಸಂಸ್ಕಾರ ಮಾಡುತ್ತಿದ್ದೀರಿ. ನಾನು ಸತ್ತಿಲ್ಲ. ಬದುಕಿದ್ದೇನೆ, ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದೇನೆ. ಆ ಹೆಂಗಸನ್ನು ಹುಡುಕಿ.’

ಹುಡುಕಿದ್ದರಂತೆ. ಪರ್ತ್‌ನಲ್ಲಿ ಆ ಹಾಡು ಮುಗಿದ ಕೂಡಲೇ ಹಾರುಯೆಯೇ ಒಬ್ಬನಿಗೆ ಹೇಳಿ ಕಳಿಸಿದ್ದಳಂತೆ. ಅವನು ಯಾರನ್ನೋ ಕೇಳಿದನಂತೆ, ಅವರು ಗೊತ್ತಿಲ್ಲ ಎಂದರಂತೆ. ಇಷ್ಟನ್ನೂ ಜಪಾನೀ ಭಾಷೆಯಲ್ಲಿ ಕೇಳಿಸಿಕೊಂಡು ಅಮ್ಮನಿಗೆ ಹೇಳಬೇಕಾಗಿ ಬಂದದ್ದು ಸ್ಟೆಫಿಗೇ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದನ್ನು ಅಷ್ಟು ನೇರವಾಗಿ ನಾನು ಎಂದೂ ನೋಡಿರಲಿಲ್ಲ. ಅವಳು ಹೇಳಿದಳು, ಒಂದು ಮಾತೂ ನುಂಗಲಿಲ್ಲ. ಆಂಟಿ ಮಗಳ ಮುಖವನ್ನೇ ನೋಡಿ, ಹಾರುಯೆಯ ಕೈಗೆ ಚಕ್ಕುಲಿ ಡಬ್ಬ ಕೊಟ್ಟರು.

ಅಂದು ಬ್ರಿಸ್ಬೇನ್‌ನಲ್ಲಿ ಎಂದಿನಂತೆ ಮೌನ. ಅಷ್ಟು ಬೇಗ ಬದಲಾಯಿಸಲು ಆಗುವುದಿಲ್ಲ ಎಂದಿದ್ದರು. ಆಂಟಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು. ಆದರೆ ಅಡಿಲೇಡ್‌ಗೆ ಅವರು ಬರಬೇಕು, ಆ ಸೆಕೆಂಡನ್ನು ಇಡೀ ಹಾಲ್‌ಗೆ ಕಲಿಸಬೇಕು ಎಂದು ಹಾರುಯೆ ಕೇಳಿದಳು. ಆಂಟಿ ಒಪ್ಪಿದರು, ಒಂದು ಷರತ್ತಿನ ಮೇಲೆ: “ನಾನು ಸ್ಟೇಜ್ ಹತ್ತುವುದಿಲ್ಲ. ಕ್ವಾಯರ್ ಜನರ ಒಟ್ಟಿಗೆ ಕೆಳಗೆ ನಿಲ್ಬೇಕು.”

ಮರುದಿನ ಬೆಳಿಗ್ಗೆ ಫಾರೆಸ್ಟ್ ಲೇಕ್‌ನ ಕೆರೆಯ ಸುತ್ತ ಆಂಟಿಯ ಹಿಂದೆ ನಾವು ನಡೆಯುತ್ತಿದ್ದೆವು. ಬಡಾವಣೆಯ ಮನೆ ಮಾರಲಿಕ್ಕೆಂದೇ ಕೆರೆ ತೋಡಿದ ಜನರನ್ನು ಬೇರೆಲ್ಲೂ ನೋಡಿಯೇ ಇಲ್ಲ ಎಂದು ಅವರು ಮರ್ವಿನ್ ಅಂಕಲನ್ನು ಛೇಡಿಸುತ್ತಿದ್ದರು. ಆಗ ಸ್ಟೆಫಿ ಹಿಂದಿನಿಂದ, “ಮಮ್, ಟೀಚ್ ಮಿ” ಎಂದಳು.

“ಎಂತ?”

“ಸೆಕೆಂಡ್.”

ಆಂಟಿ ನಿಂತರು. ಹೊಗಳಲಿಲ್ಲ, ಅಪ್ಪಿಕೊಳ್ಳಲಿಲ್ಲ. “ಒಂದು ಕಿವಿ ಮುಚ್ಚು” ಎಂದರು. “ತೆರೆದ ಕಿವಿಯಲ್ಲಿ ಫಸ್ಟ್ ಕೇಳ್ಬೇಕು, ಮುಚ್ಚಿದ ಕಿವಿಯಲ್ಲಿ ನಿನ್ನನ್ನು ನೀನು ಕೇಳ್ಬೇಕು. ಫಸ್ಟನ್ನು ಬಿಟ್ಟು ಓಡ್ಬಾರ್ದು, ಅದರ ಹಿಂದೆ ಹೋಗ್ಲೂಬಾರ್ದು. ಪ್ರೇರಣಾ, ನೀನು ಫಸ್ಟ್ ಹಾಡು.”

ನಾನು ಹಾಡಿದೆ. ಬಾತುಕೋಳಿಗಳು ನೀರಿಗೆ ಹಾರಿದವು. ಸ್ಟೆಫಿಗೆ ಬರಲೇ ಇಲ್ಲ. ಪ್ರತಿ ಸಲವೂ ನನ್ನ ಧಾಟಿಗೆ ಏರಿಬಿಡುತ್ತಿದ್ದಳು. ಅವಳು ಹುಟ್ಟಿದಾಗಿನಿಂದ ಫಸ್ಟ್. ಆಂಟಿ ಪ್ರತಿ ಸಲವೂ ಮೊಣಕೈಯಿಂದ ತಿವಿದು, “ಅದು ಫಸ್ಟ್. ಕೆಳಗೆ ಬಾ” ಎನ್ನುತ್ತಿದ್ದರು. ಜಾಗಿಂಗ್ ಮಾಡುವವರು ಕಿವಿ ಮುಚ್ಚಿಕೊಂಡ ಹುಡುಗಿಯನ್ನೂ ತಿವಿಯುವ ಹೆಂಗಸನ್ನೂ ನೋಡಿಕೊಂಡು ಹೋದರು. ಆ ವಾರವೆಲ್ಲ ಆಂಟಿ ರಜೆ ಹಾಕಿ ನಮ್ಮೊಂದಿಗೆ ಅಲ್ಲೇ ಉಳಿದರು. ಮಗಳು ಕಲಿತಳು ಎಂದು ಹೇಳಲಾರೆ. ತಪ್ಪಿದಾಗ ಅವಳಿಗೇ ಗೊತ್ತಾಗುವಷ್ಟಾಯಿತು. ಪರ್ತ್‌ನ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಅದು ಹಾಗೇ ನಡುವೆ ಕೂತಿತ್ತು.

ಅಡಿಲೇಡ್. ಹಾಲ್ ಭರ್ತಿ. ಹಾರುಯೆ ಆ ಹಾಡಿಗೆ ಮುಂಚೆ ಮೈಕ್ ಹಿಡಿದು ಫುಮಿಯೆಯ ಸಂದೇಶವನ್ನು ಓದಿದಳು, ಅನುವಾದಕಿ ಇಂಗ್ಲಿಷಿನಲ್ಲಿ ಹೇಳಿದಳು. ‘ನಾನು ಸತ್ತಿಲ್ಲ’ ಎಂಬಲ್ಲಿ ಜನ ನಕ್ಕರು, ಅತ್ತರು. ಇನ್ನು ಮುಂದೆ ಮೌನವಿಲ್ಲ, ಫುಮಿಯೆಯ ಜಾಗ ಅವಳದ್ದೇ, ನಾವು ಪಕ್ಕದಲ್ಲಿ ಹಾಡೋಣ ಎಂದಳು ಹಾರುಯೆ. ಆಮೇಲೆ ವೇದಿಕೆಯ ಕೆಳಗೆ ಜನರ ಮುಂದೆ ನಿಂತಿದ್ದ ಆಂಟಿಯ ಕಡೆ ಕೈ ಮಾಡಿ, ಇವರು ಕಲಿಸುತ್ತಾರೆ, ಪರ್ತ್‌ನಲ್ಲಿ ಹಾಡಿದವರು ಇವರೇ ಎಂದಳು.

ಹಾಲ್‌ನಲ್ಲಿ ಗುಜುಗುಜು ಎದ್ದಿತು. ಎಲ್ಲರೂ ಆ ವಿಡಿಯೋ ನೋಡಿದವರೇ. ಹಿಂದೆ ಯಾರೋ ಹೀಯಾಳಿಸಿ ಶಿಳ್ಳೆ ಹೊಡೆದರು. ಆಂಟಿ ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. ಆಗ ಸ್ಟೆಫಿ ನನ್ನ ಪಕ್ಕದಿಂದ ಎದ್ದು ಹೋದಳು. ಅನುವಾದಕಿಯ ಕೈಯಿಂದ ಮೈಕ್ ತೆಗೆದುಕೊಂಡಳು. ಇಂಗ್ಲಿಷಿನಲ್ಲಿ ಹೇಳಿದಳು, ಆಮೇಲೆ ಜಪಾನೀ ಭಾಷೆಯಲ್ಲೂ ಹೇಳಿದಳು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

“ನನ್ನ ಹೆಸರು ಸ್ಟೆಫಿ. ಇವರು ನನ್ನ ಅಮ್ಮ. ಪರ್ತ್‌ನಲ್ಲಿ ಒಬ್ಬರು ನನ್ನನ್ನು, ಇವರು ಯಾರು ಗೊತ್ತಾ ಎಂದು ಕೇಳಿದರು. ನಾನು ಗೊತ್ತಿಲ್ಲ ಎಂದೆ. ಸುಳ್ಳು ಹೇಳಿದೆ. ಇವರು ರೋಸ್ಲಿನ್. ಯಾರಾದರೂ ಸಾಲು ಮರೆತರೆ ಅವರನ್ನು ಒಂಟಿಯಾಗಿ ಬಿಡುವವರಲ್ಲ ಇವರು. ನಾನು ಇವರ ಮಗಳು.”

ಶಿಳ್ಳೆ ನಿಂತಿತು. ಸ್ಟೆಫಿ ಅಮ್ಮನ ಪಕ್ಕದಲ್ಲಿ ಹೋಗಿ ನಿಂತಳು. ಆಂಟಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೈಕ್ ಬೇಡವೆಂದು ಕೈಯಾಡಿಸಿ ಹಾಲ್‌ಗೆ ಕೇಳುವಷ್ಟು ಗಟ್ಟಿಯಾಗಿ, “ಕ್ಲೋಸ್ ಒನ್ ಇಯರ್!” ಎಂದರು.

ಸಾವಿರಾರು ಜನ ಒಂದೊಂದು ಕಿವಿ ಮುಚ್ಚಿಕೊಂಡರು. ಕೊಂಬು ಕಟ್ಟಿಕೊಂಡವರು, ರೆಕ್ಕೆ ಕಟ್ಟಿಕೊಂಡವರು, ಕತ್ತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡವರು. ಆಂಟಿ ಆ ಸಾಲನ್ನು ತುಂಡು ತುಂಡು ಮಾಡಿ ಹಾಡಿ ತೋರಿಸಿದರು, ತಪ್ಪಿದವರ ಕಡೆ ಬೆರಳು ತೋರಿಸಿ ಗದರಿದರು, ಮತ್ತೆ ಹಾಡಿಸಿದರು. ನನಗೆ ಎದ್ದು ನಿಂತು, ಇವರು ನಮ್ಮವರು, ಮೋರ್ಲಿಯವರು, ಇವರ ಕೈಯ ಮೀನಿನ ಸಾರು ಉಂಡವಳು ನಾನು ಎಂದು ಕೂಗಬೇಕೆನಿಸಿತು. ಸ್ವಲ್ಪ ಕೂಗಿಯೂ ಬಿಟ್ಟೆ.

ಹಾಡು ಶುರುವಾಯಿತು. ಹಾರುಯೆ ತನ್ನ ಫೋನನ್ನು ಜನರ ಕಡೆಗೆ ಹಿಡಿದಳು. ಆಚೆ ತುದಿಯಲ್ಲಿ, ಜಪಾನಿನಲ್ಲಿ, ಫುಮಿಯೆ ಕೇಳುತ್ತಿದ್ದಳು. ಆ ಸಾಲು ಬಂದಾಗ ವಾದ್ಯ ನಿಂತಿತು, ದೀಪಗಳು ಆರಲಿಲ್ಲ. ಇಡೀ ಹಾಲ್ ಸೆಕೆಂಡ್ ಹಾಡಿತು. ಫಸ್ಟ್ ಹಾಡುವವರು ಯಾರೂ ಇರಲಿಲ್ಲ, ಆದರೆ ನನ್ನ ತೆರೆದ ಕಿವಿಗೆ ಅದು ಕೇಳಿಸಿತು, ಆಣೆ ಮಾಡಿ ಹೇಳುತ್ತೇನೆ.

ಮುಂದೆ ಸ್ಟೆಫಿ ಒಂದು ಕಿವಿ ಮುಚ್ಚಿಕೊಂಡು ಹಾಡುತ್ತಿದ್ದಳು. ನಡುವೆ ಅವಳಿಗೆ ಅಳು ಉಕ್ಕಿ ಬಂದು ಸ್ವರ ಜಾರಿ ಮೇಲಕ್ಕೆ ಹೋಯಿತು. ಆಂಟಿ ಹಾಡು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡೇ ಮೊಣಕೈಯಿಂದ ಅವಳನ್ನು ಮೆಲ್ಲಗೆ ತಿವಿದರು. ಸ್ಟೆಫಿ ಕೆಳಗೆ ಬಂದು ಅಮ್ಮನ ಪಕ್ಕದಲ್ಲಿ ಸೇರಿಕೊಂಡಳು.